ನಿಮ್ಮ ವಾರ್ಡ್ ಯಾವುದು? ಹುಬ್ಬಳ್ಳಿ–ಧಾರವಾಡ ಪಾಲಿಕೆಯನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿ ನಾನೂ ಒಬ್ಬ. ನಗರಸಭೆ, ಪಾಲಿಕೆಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟದ್ದು 74ನೇ ತಿದ್ದುಪಡಿ. ನಮ್ಮ ಗುಂಪಿನಲ್ಲಿ ಯಾರನ್ನು ಕೇಳಿದರೂ ಅದು ಬಾಯಿಪಾಠ ಬರುತ್ತದೆ. 1992ರ ತಿದ್ದುಪಡಿ, 1993ರ ಜೂನ್ 1ರಿಂದ ಜಾರಿ, ಭಾಗ 9ಎ, 243ಪಿಯಿಂದ 243ಜೆಡ್‌ಜಿವರೆಗೆ ವಿಧಿಗಳು, ಹನ್ನೆರಡನೇ ಅನುಸೂಚಿ, 18 ವಿಷಯ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ.

ಹೋದ ಮಳೆಗಾಲದಲ್ಲಿ ನಮ್ಮ ರೂಮಿನ ಎದುರಿನ ಗಟಾರ ಕಟ್ಟಿಕೊಂಡಿತು. ಎರಡು ದಿನ ಕೊಳಚೆ ನೀರು ರಸ್ತೆ ಮೇಲೆಯೇ ಹರಿಯಿತು. ಫೋನ್ ಮಾಡೋಣ ಅಂದುಕೊಂಡೆವು. ಯಾರಿಗೆ? ಆರು ಜನ ಕೂತಿದ್ದೆವು, ನಾವಿರುವ ವಾರ್ಡ್ ನಂಬರ್ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಮನೆ ಮಾಲೀಕರಿಂದ ಒಂದು ನಂಬರ್ ಸಿಕ್ಕಿತು. ಆ ಕಡೆಯವರು ಸಮಾಧಾನವಾಗಿ ಎಲ್ಲಾ ಕೇಳಿಸಿಕೊಂಡು ಕೊನೆಗೆ, "ತಮ್ಮಾ, ಗಟಾರ ರಸ್ತೆಯ ಯಾವ ಬಾಜೂಕ್ಕ ಐತಿ? ಆ ಬಾಜೂ ಆದ್ರ ನಮ್ಮ ವಾರ್ಡ್ ಅಲ್ಲ" ಅಂದರು. ರಸ್ತೆಯ ನಡುವೆ ಒಂದು ಗೆರೆ ಹಾದುಹೋಗಿದೆ, ಆಚೆ ಒಬ್ಬ ಸದಸ್ಯರು, ಈಚೆ ಇನ್ನೊಬ್ಬರು. ನಾವು ದಿನಾ ದಾಟುವ ಆ ಗೆರೆ ನಮಗೆ ಕಂಡೇ ಇರಲಿಲ್ಲ.

ಅವತ್ತು ರಾತ್ರಿ ಈ ಟಿಪ್ಪಣಿ ಬರೆಯಲು ಕೂತೆ. ಪುಸ್ತಕದಲ್ಲಿ ವಿಧಿಗಳು ಮಾತ್ರ ಸಿಗುತ್ತವೆ. ಆ ವಿಧಿಗಳು ಒಂದು ಓಣಿಗೆ ಬಂದು ತಲುಪುವ ದಾರಿ ಗೊತ್ತಾದರೆ ಉತ್ತರ ಬರೆಯುವುದೂ ಸುಲಭ, ಊರೂ ಅರ್ಥವಾಗುತ್ತದೆ. ಹುಬ್ಬಳ್ಳಿ–ಧಾರವಾಡ ನನಗೆ ಕಣ್ಣೆದುರಿಗಿರುವ ಪಾಲಿಕೆ. ಅದಕ್ಕೇ ಅದನ್ನೇ ಉದಾಹರಣೆ ಮಾಡಿಕೊಂಡಿದ್ದೇನೆ.

ಮೊದಲು ಹೆಸರುಗಳು

ಸಂವಿಧಾನದ 243ಆರ್ ವಿಧಿ ಹೇಳುವುದು ಸರಳ. ನಗರಸಭೆಯೋ ಪಾಲಿಕೆಯೋ, ಅದರ ಸ್ಥಾನಗಳನ್ನು ಜನರೇ ನೇರವಾಗಿ ಆರಿಸಬೇಕು. ಅದಕ್ಕಾಗಿ ಊರನ್ನು ಕ್ಷೇತ್ರಗಳಾಗಿ ಹಂಚಬೇಕು. ಆ ಕ್ಷೇತ್ರದ ಹೆಸರೇ ವಾರ್ಡ್. ಕರ್ನಾಟಕದಲ್ಲಿ ಒಂದು ವಾರ್ಡ್‌ಗೆ ಒಬ್ಬರೇ ಸದಸ್ಯರು. ಪಕ್ಕದ ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಅಲ್ಲಿ ವಾರ್ಡ್‌ಗೆ ಪ್ರಭಾಗ ಎನ್ನುತ್ತಾರೆ. 2017ರಲ್ಲಿ ಪುಣೆಯಲ್ಲಿ ಬಹುತೇಕ ಪ್ರಭಾಗಗಳಿಗೆ ನಾಲ್ಕು ನಾಲ್ಕು ಸದಸ್ಯರನ್ನು ಆರಿಸಿದ್ದರು. ಇದನ್ನು ನೆನಪಿಡಿ, ಹೋಲಿಕೆ ಕೇಳಿದಾಗ ಕೆಲಸಕ್ಕೆ ಬರುತ್ತದೆ.

ಸದಸ್ಯರನ್ನು ಬೆಂಗಳೂರು ಕಡೆ ಕಾರ್ಪೊರೇಟರ್ ಅನ್ನುತ್ತಾರೆ. ಬೆಳಗಾವಿ ಕಡೆ ನಗರಸೇವಕ ಎಂಬ ಮಾತು ಜಾಸ್ತಿ. ಕಾನೂನಿನ ಭಾಷೆಯಲ್ಲಿ ಪಾಲಿಕೆ ಸದಸ್ಯ. ಸ್ಪರ್ಧಿಸಲು 21 ವರ್ಷ ಆಗಿದ್ದರೆ ಸಾಕು, ಅದು 243ವಿ ವಿಧಿ. ವಿಧಾನಸಭೆಗೆ 25 ಬೇಕು. ಪ್ರಶ್ನೆಪತ್ರಿಕೆಯಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ.

ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಕಾಯ್ದೆ. ಬೆಂಗಳೂರಿಗೆ ಈಗ ಬೇರೆಯದೇ ಕಾಯ್ದೆ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಗೆರೆ ಎಳೆಯುವುದು

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸುಮಾರು 20 ಕಿಲೋಮೀಟರ್ ದೂರ. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಪಾಲಿಕೆ ಮಾಡಿದರು. ಒಂದು ವ್ಯಾಪಾರದ ಊರು, ಇನ್ನೊಂದು ಓದಿನ ಊರು. ಸ್ವಭಾವ ಬೇರೆ, ಅಗತ್ಯವೂ ಬೇರೆ, ಸಭೆ ಮಾತ್ರ ಒಂದೇ. ಧಾರವಾಡಕ್ಕೆ ತನ್ನದೇ ಪಾಲಿಕೆ ಬೇಕು ಎಂಬ ಒತ್ತಾಯ ಬಹಳ ವರ್ಷಗಳದ್ದು. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಈ ಜೋಡಿ ಪಾಲಿಕೆಯಲ್ಲಿ ಮೊದಲು 67 ವಾರ್ಡ್ ಇದ್ದವು. 2021ರ ಚುನಾವಣೆಗೆ ಅವು 82 ಆದವು. ಜನಸಂಖ್ಯೆ ಎಲ್ಲಿಂದ ತೆಗೆದುಕೊಂಡರು? 2011ರ ಜನಗಣತಿಯಿಂದ. ವಾರ್ಡ್ ಹಂಚಲು ಕೊನೆಯ ಸಲ ಪ್ರಕಟವಾದ ಜನಗಣತಿಯ ಅಂಕಿಯನ್ನೇ ಬಳಸಬೇಕು ಎಂಬುದು ನಿಯಮ. 2021ರ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ ಹತ್ತು ವರ್ಷ ಹಳೆಯ ಲೆಕ್ಕದ ಮೇಲೆ ಹೊಸ ಗೆರೆ ಬಿತ್ತು. ಆ ಹತ್ತು ವರ್ಷದಲ್ಲಿ ಊರಂಚಿನಲ್ಲಿ ಎದ್ದ ಬಡಾವಣೆಗಳು ಆ ಅಂಕಿಯಲ್ಲಿ ಖಾಲಿ ಹೊಲಗಳೇ.

ಒಂದು ಸಣ್ಣ ಲೆಕ್ಕ ಮಾಡೋಣ. 2011ರಲ್ಲಿ ಅವಳಿ ನಗರದ ಜನಸಂಖ್ಯೆ ಸುಮಾರು 9.43 ಲಕ್ಷ. 67ರಿಂದ ಭಾಗಿಸಿದರೆ ಒಂದು ವಾರ್ಡ್‌ಗೆ 14 ಸಾವಿರ ಜನ. 82ರಿಂದ ಭಾಗಿಸಿದರೆ ಸುಮಾರು 11,500. ಈಗ ಬೆಂಗಳೂರು ನೋಡಿ. ಅದೇ ಜನಗಣತಿಯಲ್ಲಿ ಅಲ್ಲಿ 84 ಲಕ್ಷಕ್ಕೂ ಜಾಸ್ತಿ ಜನ, ವಾರ್ಡ್ 198. ಒಂದೊಂದಕ್ಕೆ ಸುಮಾರು 42,600. ಹುಬ್ಬಳ್ಳಿಯ ಸದಸ್ಯರು ನಾಲ್ಕು ಓಣಿ ಸುತ್ತಿದರೆ ಮತದಾರರ ಮುಖ ಪರಿಚಯ ಆಗುತ್ತದೆ. ಬೆಂಗಳೂರಿನವರಿಗೆ ಒಂದು ಸಣ್ಣ ಊರನ್ನೇ ಸುತ್ತಬೇಕಿತ್ತು. ಇಬ್ಬರನ್ನೂ ನಾವು ಕಾರ್ಪೊರೇಟರ್ ಎಂದೇ ಕರೆಯುತ್ತೇವೆ, ಆದರೆ ಕೆಲಸ ಒಂದೇ ಅಲ್ಲ.

ಇಲ್ಲಿ ಮುಖ್ಯ ಪ್ರಶ್ನೆ ಗೆರೆ ಎಳೆಯುವವರು ಯಾರು ಅನ್ನುವುದು. ನಮ್ಮಲ್ಲಿ ಬಹಳ ಜನ ರಾಜ್ಯ ಚುನಾವಣಾ ಆಯೋಗ ಎಂದು ಬರೆಯುತ್ತಾರೆ. ಅದು ತಪ್ಪು. ಆಯೋಗ ಮತದಾರರ ಪಟ್ಟಿ ಮಾಡುತ್ತದೆ, ಚುನಾವಣೆ ನಡೆಸುತ್ತದೆ. ಅದು 243ಜೆಡ್‌ಎ ವಿಧಿ. ಕರ್ನಾಟಕದ ಪಾಲಿಕೆಗಳ ವಾರ್ಡ್ ಗಡಿ ಗೊತ್ತುಪಡಿಸಿ ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ. ಕೇರಳದಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಪುನರ್ವಿಂಗಡಣಾ ಆಯೋಗ ಇದೆ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಜನರಿಗೆ ಕೆಲವು ದಿನ ಸಿಗುತ್ತದೆ. ಗೆರೆಯ ಬಗ್ಗೆ ನಾವು ಬಾಯಿ ಬಿಡಬಹುದಾದ ಹೊತ್ತು ಅದೊಂದೇ. ಅಂತಿಮವಾಗಿ ಪ್ರಕಟವಾದ ಮೇಲೆ 243ಜೆಡ್‌ಜಿ ವಿಧಿ ಬಂದು ಅಡ್ಡ ನಿಲ್ಲುತ್ತದೆ: ವಾರ್ಡ್ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ.

ಗಡಿಯ ವಿವರಣೆಯನ್ನು ಒಮ್ಮೆ ಓದಿ ನೋಡಿ. ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ನಾಲಾ, ದಕ್ಷಿಣಕ್ಕೆ ರೈಲ್ವೆ ಹಳಿ ಎಂದು ಒಣ ಒಣ ಸಾಲುಗಳು. ನಮ್ಮ ಗಟಾರದ ಕಥೆ ಇದ್ದದ್ದು ಅಂಥದ್ದೇ ಒಂದು ಸಾಲಿನಲ್ಲಿ. ನಾಲಾ ಗಡಿಯಾದರೆ ಅದರ ಹೂಳು ಯಾರ ವಾರ್ಡಿನದು? ರಸ್ತೆ ಗಡಿಯಾದರೆ ನಡುವಿನ ಗುಂಡಿ ಯಾರದು? ಗಡಿಯಲ್ಲಿ ಬದುಕುವವರಿಗೆ ಇಬ್ಬರು ಸದಸ್ಯರು ಇದ್ದ ಹಾಗೂ ಆಗುತ್ತದೆ, ಒಬ್ಬರೂ ಇಲ್ಲದ ಹಾಗೂ ಆಗುತ್ತದೆ.

ಮೀಸಲಾತಿ

243ಟಿ ವಿಧಿ ಮೂರು ಮಾತು ಹೇಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ. ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು. ಹಿಂದುಳಿದ ವರ್ಗಗಳ ವಿಷಯ ರಾಜ್ಯಕ್ಕೆ ಬಿಟ್ಟದ್ದು. ಕರ್ನಾಟಕ ಮಹಿಳಾ ಮೀಸಲಾತಿಯನ್ನು ಅರ್ಧಕ್ಕೆ ಏರಿಸಿತು. ಹಿಂದುಳಿದವರಿಗೆ ಮೂರನೇ ಒಂದು ಎಂದು ಇಟ್ಟು, ಅದರಲ್ಲಿ ಶೇಕಡಾ 80 ಎ ವರ್ಗಕ್ಕೆ, ಉಳಿದದ್ದು ಬಿ ವರ್ಗಕ್ಕೆ ಎಂದಿತು. ಎಲ್ಲ ಜಾತಿ ಮೀಸಲಾತಿ ಸೇರಿ ಅರ್ಧ ದಾಟಬಾರದು.

ಆ ಹಿಂದುಳಿದವರ ಪಾಲಿನ ಬಗ್ಗೆ 2010ರ ಕೆ. ಕೃಷ್ಣಮೂರ್ತಿ ಪ್ರಕರಣದ ತೀರ್ಪು ಓದಲೇಬೇಕು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಹಿಂದುಳಿದಿರುವುದು ಒಂದು, ರಾಜಕೀಯವಾಗಿ ಹಿಂದುಳಿದಿರುವುದು ಇನ್ನೊಂದು, ಎರಡನ್ನೂ ಒಂದೇ ಎಂದು ಭಾವಿಸಬಾರದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಆಮೇಲೆ 2021ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಮೂರು ಹಂತದ ಪರೀಕ್ಷೆ ಬಂತು: ಪ್ರತ್ಯೇಕ ಆಯೋಗ ಮಾಡಿ ಅಧ್ಯಯನ ಮಾಡಬೇಕು, ಒಂದೊಂದು ಸಂಸ್ಥೆಗೆ ಬೇಕಾದ ಪ್ರಮಾಣ ಗೊತ್ತುಮಾಡಬೇಕು, ಒಟ್ಟು ಶೇಕಡಾ 50 ಮೀರಬಾರದು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂದದ್ದು ಇದೇ ಕಾರಣಕ್ಕೆ. 2022ರಲ್ಲಿ ಅದು ವರದಿ ಕೊಟ್ಟಿತು.

ಮೀಸಲು ವಾರ್ಡ್‌ಗಳು ಸರದಿಯ ಮೇಲೆ ಬದಲಾಗುತ್ತವೆ. ಇದರ ಒಳಿತು ನಾನು ಕಣ್ಣಾರೆ ನೋಡಿದ್ದೇನೆ. ಅಕ್ಕಪಕ್ಕದ ಓಣಿಗಳಲ್ಲಿ ಮಹಿಳೆಯರು ನಗರಸೇವಕಿಯ ಮನೆ ಅಡುಗೆಮನೆವರೆಗೂ ಹೋಗಿ ನಳದ ನೀರಿನ ಸಮಸ್ಯೆ ಹೇಳುತ್ತಾರೆ. ಗಂಡಸರ ಕಟ್ಟೆಗೆ ಹೋಗಿ ಅದೇ ಮಾತು ಹೇಳುವುದಕ್ಕೆ ಅವರಿಗೆ ಅಷ್ಟು ಸಲೀಸಾಗುವುದಿಲ್ಲ. ಕೆಡುಕೂ ಇದೆ. ಚೆನ್ನಾಗಿ ಕೆಲಸ ಮಾಡಿದ ಸದಸ್ಯರಿಗೆ ಮುಂದಿನ ಸಲ ಅದೇ ವಾರ್ಡ್ ಸಿಗುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಬೇರೆ ವಾರ್ಡ್‌ಗೆ ಹೋಗಿ ನಿಲ್ಲುತ್ತಾರೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದೇ ಪಾಲಿಕೆಯ ಬೇರೆ ವಾರ್ಡಿನಿಂದ ಸ್ಪರ್ಧಿಸಬಹುದು. ಐದು ವರ್ಷ ನೋಡಿದ ಮುಖಕ್ಕೇ ತಿರುಗಿ ಮತ ಹಾಕುವ ಅಥವಾ ಹಾಕದಿರುವ ಅವಕಾಶ ಜನರಿಗೆ ತಪ್ಪಿಹೋಗುತ್ತದೆ. ಸರದಿ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ವಾರ್ಡ್ ಎರಡು ಅವಧಿಗೆ ಅದೇ ಮೀಸಲಿನಲ್ಲಿದ್ದರೆ ಮೀಸಲಾತಿಯಿಂದ ಬಂದ ಮಹಿಳೆಗೂ ಎರಡನೇ ಸಲ ಗೆಲ್ಲುವ ಅವಕಾಶ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ವಾರ್ಡ್ ಯಾರಿಗೆ ಎಂಬ ಪಟ್ಟಿ ಹೊರಡಿಸುವುದೂ ಆಯೋಗವಲ್ಲ, ರಾಜ್ಯ ಸರ್ಕಾರವೇ.

ಮತ ಹಾಕಿದ ಮೇಲೂ ಸದಸ್ಯರಿಲ್ಲ

ಈ ಭಾಗವನ್ನು ನಿಧಾನವಾಗಿ ಓದಿ. ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ.

ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿ ಮೂರೂ ಪಾಲಿಕೆಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನ ಆಯಿತು. 6ರಂದು ಎಣಿಕೆ. ಹುಬ್ಬಳ್ಳಿ–ಧಾರವಾಡದ 82 ಸ್ಥಾನಗಳಲ್ಲಿ ಬಿಜೆಪಿಗೆ 39, ಕಾಂಗ್ರೆಸ್‌ಗೆ 33, ಎಐಎಂಐಎಂಗೆ 3, ಜೆಡಿಎಸ್‌ಗೆ 1, ಪಕ್ಷೇತರರಿಗೆ 6. ಬೆಳಗಾವಿಯ 58 ವಾರ್ಡ್‌ಗಳಿಗೆ ಅದೊಂದು ತಿರುವಿನ ಚುನಾವಣೆ. ಅಲ್ಲಿ ಅದುವರೆಗೆ ಕನ್ನಡ, ಮರಾಠಿ ಗುಂಪುಗಳ ಲೆಕ್ಕದಲ್ಲೇ ಸ್ಪರ್ಧೆ ನಡೆಯುತ್ತಿತ್ತು. ಪಕ್ಷಗಳು ತಮ್ಮ ಚಿಹ್ನೆ ಹಿಡಿದು ಇಳಿದದ್ದು ಆಗಲೇ.

ಸರಿ, ಫಲಿತಾಂಶ ಬಂತು. ಗೆದ್ದವರಿಗೆ ಹಾರ ಹಾಕಿದರು, ಪಟಾಕಿ ಹೊಡೆದರು. ಆಮೇಲೆ? ಮೇಯರ್ ಆಯ್ಕೆ ಆಗಲಿಲ್ಲ. ಮೊದಲ ಸಭೆ ಸೇರಲಿಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಮೇಯರ್ ಆಯ್ಕೆ ಆದದ್ದು 2022ರ ಮೇ 28ರಂದು, ಈರೇಶ ಅಂಚಟಗೇರಿ. ಹೆಚ್ಚುಕಡಿಮೆ ಒಂಬತ್ತು ತಿಂಗಳು. ಬೆಳಗಾವಿಯಲ್ಲಿ 2023ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಕಲಬುರಗಿಯಲ್ಲಿ 2023ರ ಮಾರ್ಚ್‌ವರೆಗೆ. ಅಷ್ಟು ದಿನ ಗೆದ್ದವರು ಮನೆಯಲ್ಲೇ ಕೂತಿದ್ದರು. ಜನ ಹೋಗಿ ಕೇಳಿದರೆ ಅವರಿಗೂ ಅದೇ ಉತ್ತರ: ಇನ್ನೂ ಪ್ರಮಾಣವಚನವೇ ಆಗಿಲ್ಲ. ಪಾಲಿಕೆಯ ಹಣ, ಕಡತ ಎಲ್ಲಾ ಆಡಳಿತಾಧಿಕಾರಿಯ ಕೈಯಲ್ಲಿ.

ಹೀಗಾಗುವುದಕ್ಕೆ ಸಂವಿಧಾನದಲ್ಲಿ ಒಂದು ಸಣ್ಣ ಸಂದು ಇದೆ. 243ಯು ವಿಧಿ ಪಾಲಿಕೆಯ ಅವಧಿ ಐದು ವರ್ಷ ಎನ್ನುತ್ತದೆ. ಐದು ವರ್ಷ ಎಲ್ಲಿಂದ? ಮತದಾನದ ದಿನದಿಂದ ಅಲ್ಲ, ಫಲಿತಾಂಶದ ದಿನದಿಂದಲೂ ಅಲ್ಲ. ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಆ ಮೊದಲ ಸಭೆ ಫಲಿತಾಂಶ ಬಂದು ಎಷ್ಟು ದಿನದೊಳಗೆ ಆಗಬೇಕು ಎಂಬ ಮಾತು ಆ ವಿಧಿಯಲ್ಲಿ ಇಲ್ಲ. ಮೊದಲ ಸಭೆಗೆ ಮೇಯರ್ ಬೇಕು, ಮೇಯರ್ ಸ್ಥಾನಕ್ಕೆ ಮೀಸಲಾತಿ ಪಟ್ಟಿ ಬೇಕು. ಆ ಪಟ್ಟಿ ಸರ್ಕಾರದ ಮೇಜಿನ ಮೇಲೆ ಉಳಿಯಿತು, ಇಲ್ಲವೇ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತು ಅಂದರೆ ವಾರ್ಡ್ ಖಾಲಿ.

ಇದು ಒಂದು ಸಲದ ಕಥೆ ಅಲ್ಲ. ಇದೇ ಪಾಲಿಕೆಗೆ 2013ರ ಮಾರ್ಚ್‌ನಲ್ಲಿ ಚುನಾವಣೆ ಆಗಿ, ಮೇಯರ್ ಆಯ್ಕೆ ಆದದ್ದು 2014ರ ಮಾರ್ಚ್‌ನಲ್ಲಿ. ಅದಕ್ಕೇ ಆ ಅವಧಿ 2019ರ ಮಾರ್ಚ್‌ಗೆ ಮುಗಿಯಿತು. 2019ರ ಮಾರ್ಚ್‌ನಿಂದ 2022ರ ಮೇ ತನಕ ಲೆಕ್ಕ ಹಾಕಿ. ಮೂರು ವರ್ಷಕ್ಕೂ ಜಾಸ್ತಿ ದಿನ ಅವಳಿ ನಗರದ ಒಂದು ವಾರ್ಡ್‌ಗೂ ಅಧಿಕಾರದಲ್ಲಿರುವ ಸದಸ್ಯರಿರಲಿಲ್ಲ. ಅದರ ನಡುವೆಯೇ ಕೋವಿಡ್ ಬಂದು ಹೋಯಿತು. ಯಾವ ಓಣಿಗೆ ಏನು ಬೇಕು ಎಂದು ಅಧಿಕಾರದಿಂದ ಕೇಳುವವರು ಬೇಕಾಗಿದ್ದ ಕಾಲದಲ್ಲೇ ಸಭಾಂಗಣ ಖಾಲಿ ಇತ್ತು. ಸಣ್ಣ ಊರುಗಳಲ್ಲೂ ಹೀಗೇ. 2018ರಲ್ಲಿ ಆಯ್ಕೆಯಾದ ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷರ ಚುನಾವಣೆ ಆದದ್ದು 2020ರಲ್ಲಿ.

ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಅದೇ 243ಯು ಹೇಳುತ್ತದೆ. 2006ರಲ್ಲಿ ಕಿಶನ್‌ಸಿಂಗ್ ತೋಮರ್ ಮತ್ತು ಅಹಮದಾಬಾದ್ ಪಾಲಿಕೆ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ವಾರ್ಡ್ ವಿಂಗಡಣೆ ಆಗಿಲ್ಲ, ಪಟ್ಟಿ ಆಗಿಲ್ಲ ಎಂಬುದು ಚುನಾವಣೆ ಮುಂದೂಡಲು ನೆಪ ಆಗಬಾರದು ಎಂದಿತು. 2022ರ ಸುರೇಶ್ ಮಹಾಜನ್ ಪ್ರಕರಣದಲ್ಲಿ ಮತ್ತೆ ಅದೇ ಮಾತು.

ಬೆಂಗಳೂರು ಇದಕ್ಕೆ ದೊಡ್ಡ ಉದಾಹರಣೆ. ಬಿಬಿಎಂಪಿಯ 198 ವಾರ್ಡ್‌ಗಳಿಗೆ 2010ರಲ್ಲಿ, 2015ರಲ್ಲಿ ಚುನಾವಣೆ ಆಯಿತು. 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿಯಿತು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ನಕ್ಷೆಯ ಮೇಲೆ ನಕ್ಷೆ. 2022ರಲ್ಲಿ 243 ವಾರ್ಡ್, 2023ರಲ್ಲಿ 225 ವಾರ್ಡ್. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆ ಇದ್ದ ಜಾಗದಲ್ಲಿ ಐದು ಪಾಲಿಕೆಗಳಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದಕ್ಕೂ ಸೇರಿ ಅದೇ ವರ್ಷ 369 ವಾರ್ಡ್ ಎಂದು ಗೊತ್ತಾಯಿತು. 2025 ಮುಗಿಯುವವರೆಗೂ ಆ ಮಹಾನಗರದಲ್ಲಿ ಚುನಾಯಿತ ಕಾರ್ಪೊರೇಟರ್ ಒಬ್ಬರೂ ಇರಲಿಲ್ಲ. 369 ವಾರ್ಡ್ ಅಂದರೆ 2011ರ ಲೆಕ್ಕದಲ್ಲಿ ಒಂದಕ್ಕೆ ಸುಮಾರು 23 ಸಾವಿರ ಜನ. ಮೊದಲಿಗಿಂತ ಇದು ಒಳ್ಳೆಯ ಅನುಪಾತ. ಆದರೆ ಅನುಪಾತ ಎಷ್ಟೇ ಚೆನ್ನಾಗಿರಲಿ, ಕುರ್ಚಿಯಲ್ಲಿ ಮನುಷ್ಯರು ಇರಬೇಕಲ್ವಾ?

ಗೆರೆ, ಮೀಸಲಾತಿ ಪಟ್ಟಿ, ಮೊದಲ ಸಭೆ. ಮೂರೂ ರಾಜ್ಯ ಸರ್ಕಾರದ ಕೈಯಲ್ಲಿವೆ. "74ನೇ ತಿದ್ದುಪಡಿ ಎಷ್ಟು ಯಶಸ್ವಿ" ಎಂಬ ಪ್ರಶ್ನೆ ಬಂದರೆ ನಾನು ಹಣಕಾಸಿನಿಂದ ಶುರು ಮಾಡುವುದಿಲ್ಲ. ಈ ಮೂರರಿಂದ ಶುರು ಮಾಡುತ್ತೇನೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಕಥೆ ಬದಲಾಗಿಲ್ಲ ಎಂಬುದು ಮೇಲಿನ ವರ್ಷಗಳನ್ನು ನೋಡಿದರೇ ತಿಳಿಯುತ್ತದೆ.

ಸದಸ್ಯರ ಕೈಯಲ್ಲಿ ಏನಿದೆ

ಸಭೆ ಕೂಡಿತು ಅಂದುಕೊಳ್ಳಿ. ಅಲ್ಲಿ ಯಾರ್ಯಾರು ಇರುತ್ತಾರೆ? 82 ಸದಸ್ಯರು. ಸರ್ಕಾರ ನಾಮನಿರ್ದೇಶನ ಮಾಡಿದ ಐವರವರೆಗೆ, ಇವರಿಗೆ ಮತ ಇಲ್ಲ. ಆ ಪ್ರದೇಶದ ಶಾಸಕರು, ಸಂಸದರು, ಇಲ್ಲಿನ ಮತದಾರರಾಗಿರುವ ವಿಧಾನ ಪರಿಷತ್ ಸದಸ್ಯರು. ಇವರಿಗೆ ಮೇಯರ್ ಆಯ್ಕೆಯಲ್ಲೂ ಮತ ಇದೆ. 39 ಗೆದ್ದ ಪಕ್ಷಕ್ಕೆ ಬಹುಮತಕ್ಕೆ ಮೂರು ಕಡಿಮೆ ಇದ್ದಾಗ ಈ ಮತಗಳಿಗೆ ಎಷ್ಟು ತೂಕ ಬರುತ್ತದೆ ಎಂದು ಯೋಚಿಸಿ. ಪಕ್ಷ ಬಿಟ್ಟು ಮತ ಹಾಕಿದರೆ 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ.

ಮೇಯರ್ ಅವಧಿ ಒಂದೇ ವರ್ಷ. ಅಂಚಟಗೇರಿ ಆದಮೇಲೆ ವೀಣಾ ಬರದ್ವಾಡ, ರಾಮಪ್ಪ ಬಡಿಗೇರ, ಜ್ಯೋತಿ ಪಾಟೀಲ. ಪ್ರತಿ ವರ್ಷ ಹೊಸಬರು. ಒಬ್ಬರು ಕಡತಗಳ ದಾರಿ ತಿಳಿದುಕೊಳ್ಳುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಆಯುಕ್ತರನ್ನು ನೇಮಿಸುವುದು ಸರ್ಕಾರ, ಕಾರ್ಯನಿರ್ವಾಹಕ ಅಧಿಕಾರ ಅವರದು. ಸಾಮಾನ್ಯ ಸಭೆ ಬಜೆಟ್ ಒಪ್ಪುತ್ತದೆ, ನಿರ್ಣಯ ಮಾಡುತ್ತದೆ, ಪ್ರಶ್ನೆ ಕೇಳುತ್ತದೆ. ಆ ನಿರ್ಣಯವನ್ನೂ ಸರ್ಕಾರ ತಡೆಹಿಡಿಯಬಹುದು. ನಾಲ್ಕು ಸ್ಥಾಯಿ ಸಮಿತಿಗಳಿವೆ: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ವಾರ್ಡಿನ ರಸ್ತೆ, ಗಟಾರಕ್ಕೆ ಹಣ ಬೇಕೆಂದರೆ ಸದಸ್ಯರು ಓಡಾಡುವುದು ಈ ಬಾಗಿಲುಗಳ ನಡುವೆ.

ನೀರಿನ ಉದಾಹರಣೆ ತೆಗೆದುಕೊಳ್ಳೋಣ. ಅವಳಿ ನಗರಕ್ಕೆ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ, ನೀರಸಾಗರದಿಂದ ನೀರು ಬರುತ್ತಿತ್ತು. ಇಲ್ಲಿ ವಾರಗಟ್ಟಲೆ ನಳಕ್ಕೆ ಕಾದವರು ಎಷ್ಟೋ ಜನ. ರಾತ್ರಿ ಎರಡಕ್ಕೆ "ನಳ ಬಂತು" ಎಂಬ ಕೂಗು ಬಿದ್ದರೆ ಇಡೀ ಓಣಿ ಕೊಡ ಹಿಡಿದು ಎದ್ದು ಬರುತ್ತದೆ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಿಗೆ ಮಾತ್ರ 24 ಗಂಟೆ ನೀರು ಕೊಟ್ಟರು. ಅದು ಪ್ರಾಯೋಗಿಕ ವಲಯ, ಮೂರು ಊರಿನ ಜನರಲ್ಲಿ ಸುಮಾರು ಹತ್ತನೇ ಒಂದು ಭಾಗ. ಗೆರೆಯ ಈಚೆ ಯಾವಾಗ ತಿರುಗಿಸಿದರೂ ನಳದಲ್ಲಿ ನೀರು. ಗೆರೆಯ ಆಚೆ ಬ್ಯಾರೆಲ್‌ಗಳ ಸಾಲು. ಮಿಕ್ಕವರ ಕಾಯುವಿಕೆ ವರ್ಷಗಟ್ಟಲೆ ಮುಂದುವರಿಯಿತು.

ಆಚೆಯವರು ತಮ್ಮ ಸದಸ್ಯರನ್ನು ಕೇಳಿದರು, ಕೇಳುವುದು ಸಹಜ. ಆದರೆ ಇಲ್ಲಿ ನೀರು ಸರಬರಾಜು ಬಹಳ ವರ್ಷ ಪಾಲಿಕೆಯ ಕೈಯಲ್ಲೇ ಇರಲಿಲ್ಲ, ರಾಜ್ಯದ ನೀರು ಸರಬರಾಜು ಮಂಡಳಿಯ ಕೈಯಲ್ಲಿತ್ತು. ವಿದ್ಯುತ್ ಹೆಸ್ಕಾಂನದು. ಹೊಸ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಸ್ಮಾರ್ಟ್ ಸಿಟಿಗೆ ಬೇರೆಯದೇ ಕಂಪನಿ. ಹನ್ನೆರಡನೇ ಅನುಸೂಚಿಯಲ್ಲಿ ಅಗ್ನಿಶಾಮಕವೂ ಇದೆ, ಅದು ಕರ್ನಾಟಕದಲ್ಲಿ ರಾಜ್ಯದ ಇಲಾಖೆ. ಮನೆ ಬಾಗಿಲಿಗೆ ಬಂದು ಮತ ಕೇಳಿದವರು ಒಬ್ಬರೇ, ಕೆಲಸ ಮಾಡಬೇಕಾದ ಕಚೇರಿಗಳು ಆರೇಳು. ಸದಸ್ಯರ ಮೇಲೆ ಸಿಟ್ಟು ಮಾಡುವ ಮೊದಲು ಈ ಚಿತ್ರ ಕಣ್ಣ ಮುಂದೆ ಇರಲಿ. ಹಾಗಂತ ಸುಮ್ನೆ ಬಿಟ್ಟುಬಿಡಿ ಎಂದಲ್ಲ. ಕಸ, ಬೀದಿ ದೀಪ, ಗಟಾರ, ಓಣಿ ರಸ್ತೆ, ಉದ್ಯಾನ, ಸ್ಮಶಾನ, ಜನನ ಮರಣ ನೋಂದಣಿ, ಇವು ಪಾಲಿಕೆಯವೇ. ಇವುಗಳಲ್ಲಿ ನೆಪಕ್ಕೆ ಜಾಗವಿಲ್ಲ.

ವಾರ್ಡ್ ಸಮಿತಿ

243ಎಸ್ ವಿಧಿ: ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಒಂದು ಸೂಕ್ಷ್ಮ ಗಮನಿಸಿ. ಸಂವಿಧಾನದ ಪ್ರಕಾರ ಒಂದು ಅಥವಾ ಹೆಚ್ಚು ವಾರ್ಡ್‌ಗಳಿಗೆ ಸೇರಿ ಒಂದು ಸಮಿತಿ ಸಾಕು. ಕರ್ನಾಟಕದ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಒಂದೊಂದು ವಾರ್ಡ್‌ಗೂ ಒಂದು ಸಮಿತಿ ಎಂದಿತು. ವಾರ್ಡ್ ಸದಸ್ಯರೇ ಅಧ್ಯಕ್ಷರು. ಜೊತೆಗೆ ಹತ್ತು ಜನ. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದ ಪ್ರತಿನಿಧಿಗಳು. ತಿಂಗಳಿಗೊಮ್ಮೆ ಸಭೆ. ಬೆಂಗಳೂರಿನಲ್ಲಿ 2018ರ ಡಿಸೆಂಬರ್‌ನಿಂದ ತಿಂಗಳ ಮೊದಲ ಶನಿವಾರ ಈ ಸಭೆ ಎಂದು ಗೊತ್ತುಮಾಡಿದ್ದರು.

ಸುಮಾರು 11,500 ಜನರ ಪರವಾಗಿ ಒಬ್ಬರೇ ಮಾತಾಡುವುದಕ್ಕೂ, ಪಕ್ಕದಲ್ಲಿ ಹತ್ತು ಜನ ಕೂತು ಗಟಾರದ ಬಿಲ್ ತೋರಿಸಿ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ನಮ್ಮ ಗಡಿ ಗಟಾರದಂಥ ಸಮಸ್ಯೆ ಬಗೆಹರಿಯುವುದು ಎರಡು ವಾರ್ಡಿನ ಸಮಿತಿಗಳು ಒಂದೇ ದಿನ ಒಂದೇ ಕಡೆ ಕೂತರೆ. ನೋಡಿದ ಮೇಲೆ ಅನ್ನಿಸಿದ್ದು ಇದು, ಪುಸ್ತಕದಲ್ಲಿ ಬರೆದಿಲ್ಲ.

ಲೆಕ್ಕಕ್ಕೆ ಸಿಗದ ನಾವು

ಕೊನೆಯ ಭಾಗ ನಮ್ಮ ಬಗ್ಗೆಯೇ. ವಾರ್ಡ್ ಗೆರೆ ಬೀಳುವುದು ಜನಸಂಖ್ಯೆಯ ಮೇಲೆ, ಸದಸ್ಯರು ಗೆಲ್ಲುವುದು ಮತದಾರರ ಪಟ್ಟಿಯ ಮೇಲೆ. ಇವೆರಡರ ನಡುವೆ ನಮ್ಮಂಥವರು ಬಿದ್ದುಹೋಗಿದ್ದೇವೆ. ಕೊಪ್ಪಳ, ಗದಗ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಮೂರು ನಾಲ್ಕು ವರ್ಷ ಇಲ್ಲೇ ಇರುತ್ತೇವೆ. ಇಲ್ಲಿನ ನೀರು ಕುಡಿಯುತ್ತೇವೆ, ಇಲ್ಲೇ ಕಸ ಹಾಕುತ್ತೇವೆ, ಬಾಡಿಗೆಯ ಮೂಲಕ ಇಲ್ಲಿನ ಆಸ್ತಿ ತೆರಿಗೆಯ ಭಾರವನ್ನೂ ಹೊರುತ್ತೇವೆ. ಮತ ಮಾತ್ರ ಊರಲ್ಲಿ. ನಮ್ಮ ಗಟಾರಕ್ಕೆ ಎರಡು ದಿನ ಯಾರೂ ಬರದಿದ್ದಾಗ ಗೆರೆ ಒಂದು ಕಾರಣ, ನಾವು ಯಾರ ಮತದಾರರೂ ಅಲ್ಲದಿರುವುದು ಇನ್ನೊಂದು ಕಾರಣ ಎಂದು ನನಗೆ ಅನ್ನಿಸಿತು. 2021ರಲ್ಲಿ ಪಟ್ಟಿಯಲ್ಲಿದ್ದವರಲ್ಲೇ ಸುಮಾರು ಅರ್ಧದಷ್ಟು ಜನ ಮಾತ್ರ ಮತ ಹಾಕಿದ್ದರು.

ಪಾಲಿಕೆಯ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ಹಂಚಿಕೊಂಡು. ಅಲ್ಲಿ ಹೆಸರು ಸೇರಿದರೆ ಇಲ್ಲಿಯೂ ಸೇರುತ್ತದೆ. ವಾಸ ಬದಲಾಗಿದ್ದರೆ ನಮೂನೆ 8 ತುಂಬಬೇಕು. ಊರಿನ ಹೆಸರು ತೆಗೆಸಲು ಮನಸ್ಸಾಗುವುದಿಲ್ಲ ಎಂಬುದು ನನಗೆ ಗೊತ್ತು. ಪಂಚಾಯಿತಿ ಚುನಾವಣೆಗೆ ಬಾ ಎಂದು ಅಪ್ಪ ಫೋನ್ ಮಾಡುತ್ತಾರೆ. ಬಸ್ ಹತ್ತಿ ಹೋಗುತ್ತೇವೆ. ಅದು ತಪ್ಪಲ್ಲ, ಎಲ್ಲಿ ಬೇರು ಇದೆಯೋ ಅಲ್ಲಿ ಮತ ಹಾಕುವುದು ಸಹಜ. ಆದರೆ ಇನ್ನೂ ನಾಲ್ಕೈದು ವರ್ಷ ಇಲ್ಲೇ ಇರುತ್ತೇನೆ ಎನ್ನುವವರು ಒಮ್ಮೆ ಯೋಚಿಸಿ.

ಈ ಪಾಲಿಕೆಯ ಮೊದಲ ಸಭೆ 2022ರ ಮೇ ತಿಂಗಳಲ್ಲಿ ಆದ್ದರಿಂದ ಐದು ವರ್ಷದ ಲೆಕ್ಕ 2027ರ ಮೇ ತಿಂಗಳಿಗೆ ಬಂದು ನಿಲ್ಲುತ್ತದೆ. ನಮ್ಮ ರೂಮಿನ ಆರು ಜನರಲ್ಲಿ ಇಬ್ಬರು ನಮೂನೆ 8 ತುಂಬಿದ್ದಾರೆ. ಉಳಿದ ನಾಲ್ವರು ಗೋಡೆಯ ಮೇಲೆ, ಪರೀಕ್ಷೆಯ ವೇಳಾಪಟ್ಟಿಯ ಪಕ್ಕ, ರಸ್ತೆಯ ಎರಡೂ ಬದಿಯ ವಾರ್ಡ್ ನಂಬರ್ ಬರೆದು ಅಂಟಿಸಿದ್ದೇವೆ.